ಯಂತ್ರದ ಮುಂದೆ ಮಲಗಿದವರು

ರೋಬೋಟ್ ಎಂದರೆ ಸಿನಿಮಾದ ಲೋಹದ ಮನುಷ್ಯನಷ್ಟೇ ಕಣ್ಮುಂದೆ ಬರುತ್ತಿದ್ದ ಕಾಲದಲ್ಲಿ, ಶಾಲೆಗೂ ಸಂಶೋಧನೆಗೂ ಸೈನ್ಯಕ್ಕೂ ನಿಜವಾಗಿ ಒದಗುವ ಯಂತ್ರಗಳನ್ನು ಕಟ್ಟಿ, ಅವನ್ನು ಕಟ್ಟುವವರನ್ನೂ ಬೆಳೆಸಿದ ಕೆಲವೇ ಹಿರಿಯರಲ್ಲಿ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ಅಗ್ರಗಣ್ಯರು. ಈ ತಿಂಗಳು ನಿವೃತ್ತರಾಗುತ್ತಿರುವ ಅವರಿಗೆ ಹೊಗಳಿಕೆ ಆಗಿಬರುವುದಿಲ್ಲ. ಹೊಗಳದೆ ಇರುವುದು ನಮಗೆ ಆಗಿಬರುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುವುದೇ ವಾಸಿ.

ಮೇಡಂ ಮೊದಲು ಕಟ್ಟಿದ್ದು ತರಗತಿಯಲ್ಲಿ ಓಡಾಡುತ್ತ ಮಕ್ಕಳಿಗೆ ಮಗ್ಗಿ ಕಲಿಸುವ ಪುಟ್ಟ ಯಂತ್ರವನ್ನು. "ಮಕ್ಕಳ ಮುಂದೆ ಬಿಡೋ ಮುಂಚೆ ನಮ್ಮ ಮುಂದೆ ಬಿಡಿ" ಎಂದು ಅವರು ಅಂದು ತಂದ ಪದ್ಧತಿ ಇಲ್ಲಿ ಬೇರೂರಿತು. ಯಾವ ಯಂತ್ರವೇ ಆಗಲಿ, ಹೊರಗೆ ಹೋಗುವ ಮೊದಲು ಕಟ್ಟಿದವರೆಲ್ಲ ಸರದಿಯಂತೆ ಅದರ ದಾರಿಗೆ ಅಡ್ಡ ನಿಲ್ಲಬೇಕು, ಅದು ತಾನಾಗಿ ನಿಲ್ಲಬೇಕು.

ಮುಂದೆ ಸೈನ್ಯಕ್ಕಾಗಿ, ರಣರಂಗದಿಂದ ಗಾಯಾಳುಗಳನ್ನು ಹೊತ್ತು ತರುವ, ತಾನಾಗಿ ಓಡುವ ಗಾಡಿಯ ಕೆಲಸ ಬಂತು. ಎದುರಿಗಿರುವುದು ಮನುಷ್ಯನೆಂದು ಗುರುತಿಸಿ ನಿಲ್ಲಿಸುವ ಭಾಗ ಒಬ್ಬ ಸಂಶೋಧಕಿಯದು. ನಡೆಯುವ ಬದಲು ಓಡುತ್ತಿದ್ದ ಆಕೆಗೆ ನಾವಿಟ್ಟ ಹೆಸರು ಗಡಿಬಿಡಿ. ಆಕೆಯ ಪಿಎಚ್‌ಡಿ ಆ ಗಾಡಿಯನ್ನೇ ನಂಬಿಕೊಂಡಿತ್ತು. ಒಂದು ಮಧ್ಯಾಹ್ನ, ಗಾಡಿ ಓಡುತ್ತಿರುವಾಗಲೇ, ಮೇಡಂ ಕೆಳಗೆ ಬಿದ್ದ ಕನ್ನಡಕ ಹುಡುಕಲು ಅದರ ದಾರಿಯಲ್ಲೇ ಕುಕ್ಕರಗಾಲಲ್ಲಿ ಕೂತರು. ಗಾಡಿ ನಿಲ್ಲಲಿಲ್ಲ, ಮೇಡಂ ಕಾಲು ಮುರಿಯಿತು.

ಅಯ್ಯೋ, ಎಂಥ ಪೆದ್ದರು ನಾವೆಲ್ಲ! ಪದ್ಧತಿ ತಪ್ಪಬಾರದೆಂದು ಪ್ರತಿಯೊಬ್ಬರೂ ಶಿಸ್ತಾಗಿ ನಿಂತದ್ದೇ ನಿಂತದ್ದು. ಆ ಬಡಪಾಯಿ ಯಂತ್ರ, ನೆಟ್ಟಗೆ ನಿಂತದ್ದು ಮಾತ್ರ ಮನುಷ್ಯ ಎಂದು ಕಲಿತುಬಿಟ್ಟಿತ್ತು.

ಆಸ್ಪತ್ರೆಯಲ್ಲಿ ಗಡಿಬಿಡಿ ಮಂಚದ ಪಕ್ಕ ನಿಂತು ಒಂದೇ ಸಮನೆ ಅಳುತ್ತಿದ್ದಳು.

"ಅಳ್ತಿರೋದು ನನ್ನ ಕಾಲಿಗೋ, ನಿನ್ನ ಪಿಎಚ್‌ಡಿಗೋ?"

"ಎರಡಕ್ಕೂ, ಮೇಡಂ."

"ಸದ್ಯ, ನಿಜ ಹೇಳಿದೆಯಲ್ಲ. ಮೂಗು ಒರೆಸ್ಕೋ."

ಅಷ್ಟರಲ್ಲಿ ಸೈನ್ಯದ ಅಧಿಕಾರಿ ಒಳಗೆ ಬಂದರು. "ನಮ್ಮವರ ಮುಂದೆ ಗಾಡಿ ಓಡಿಸಿ ತೋರಿಸೋ ಪ್ರದರ್ಶನ ಮುಂದಕ್ಕೆ ಹಾಕಿದ್ರೆ ಕೆಲಸ ಬೇರೆ ಸಂಸ್ಥೆಗೆ ಹೋಗಿಬಿಡುತ್ತೆ, ಮೇಡಂ. ನಿಂತವರನ್ನ ಗುರುತಿಸುತ್ತಲ್ಲ, ಸದ್ಯಕ್ಕೆ ಅಷ್ಟು ಸಾಕು."

ಗಡಿಬಿಡಿ ಅಳು ನಿಲ್ಲಿಸಿ ಮೇಡಂ ಕಡೆ ನೋಡಿದಳು. ಮೇಡಂ ಒಂದು "ಹೂಂ" ಅಂದರೆ ತನ್ನ ವರ್ಷಗಳ ದುಡಿಮೆ ಉಳಿಯುತ್ತದೆ. ಮೇಡಂ ಅವಳ ಮುಖವನ್ನೊಮ್ಮೆ ನೋಡಿ, ಅಧಿಕಾರಿಯತ್ತ ತಿರುಗಿದರು.

"ನಿಮ್ಮ ಗಾಯಾಳು ಎದ್ದು ನಿಂತ್ಕೊಂಡು ಕಾಯ್ತಿರ್ತಾನಾ, ಸಾರ್?"

ಅಧಿಕಾರಿ ಟೋಪಿಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿ ತಲೆಗಿಟ್ಟುಕೊಂಡರು. "ನಾನು ಮೇಲಿನವರ ಹತ್ತಿರ ಮಾತಾಡ್ತೀನಿ" ಎಂದು ಹೊರಟರು.

ಕಾಲಾವಕಾಶ ಸಿಕ್ಕಿತು. ಆ ಬೇಸಿಗೆಯಿಡೀ ಪ್ರಯೋಗಾಲಯದ ನೆಲದ ಮೇಲೆ ನಾವು ಮಲಗಿದೆವು, ಮುದುಡಿದೆವು, ಕಂಬಳಿ ಹೊದ್ದು ಬೋರಲು ಬಿದ್ದೆವು. ಗಾಲಿಕುರ್ಚಿಯಲ್ಲಿ ಕೂತ ಮೇಡಂ, "ಗೊರಕೆ ಹೊಡೀಬೇಡ್ರಪ್ಪಾ" ಎಂದು ರೇಗಿಸುತ್ತಿದ್ದರು. ಪ್ರದರ್ಶನದ ದಿನ, ಯಾರೂ ಕೇಳದಿದ್ದರೂ, ಆ ಅಧಿಕಾರಿ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲೇ ಮಣ್ಣಿನ ಮೇಲೆ ಉದ್ದಕ್ಕೆ ಮಲಗಿದರು. ಗಾಡಿ ಅವರ ಮಗ್ಗುಲಲ್ಲಿ ನಿಂತಿತು. ಗಡಿಬಿಡಿ ಮತ್ತೆ ಅತ್ತಳು. ಈ ಸಲ ಯಾವುದಕ್ಕೆಂದು ಯಾರೂ ಕೇಳಲಿಲ್ಲ.

ಇದೀಗ ಮೇಡಂ ಕುರ್ಚಿಗೆ ಬರುತ್ತಿರುವವಳು ಅವಳೇ. ಮೊನ್ನೆ ಅವಳ ಹೊಸ ಗಾಡಿಯ ಪರೀಕ್ಷೆಗೆ ಮೇಡಂ ಕೋಲೂರಿಕೊಂಡು ಬಂದು, ಬೇಡವೆಂದರೂ ಕೇಳದೆ, ಅವಳ ಕೈ ಹಿಡಿದು ನೆಲಕ್ಕಿಳಿದು ಮಲಗಿದರು. ಗಡಿಬಿಡಿಯ ಬೆರಳು ಗಾಡಿ ಓಡಿಸುವ ಗುಂಡಿಯ ಮೇಲೇ ನಿಂತುಬಿಟ್ಟಿತು.

"ಯಾಕೇ, ಕೈ ನಡುಗ್ತಿದೆ?"

"ಮಲಗಿರೋದು ನೀವಲ್ವಾ, ಮೇಡಂ."

"ಯಾರು ಮಲಗಿದ್ರೂ ಹೀಗೇ ನಡುಗಬೇಕು. ಹೂಂ, ಒತ್ತು."

ಅವಳು ಒತ್ತಿದಳು, ಗಾಡಿ ಮೇಡಂ ಮಗ್ಗುಲಲ್ಲಿ ಬಂದು ನಿಂತಿತು. ಆ ನಡುಕ ನಮ್ಮ ಕೈಗಳನ್ನು ಎಂದೂ ಬಿಟ್ಟುಹೋಗದಿರಲಿ. ಅದು ಇದೆಯೋ ಇಲ್ಲವೋ ಎಂದು ನೋಡಲು ಮೇಡಂ ಆರೋಗ್ಯದಿಂದ ಬಹುಕಾಲ ಬಾಳಲಿ, ಆಗಾಗ ಬಂದು ನಮ್ಮನ್ನು ಬೈಯುತ್ತಿರಲಿ.