ಟೈರು ಬಿಟ್ಟ ಭಟ್ಟಿ

ಗದಗ ಹೊಸ ಜಿಲ್ಲೆಯಾದ ಮೇಲೆ ನಾನು ಮುಂಡರಗಿಗೆ ಆರೋಗ್ಯ ನಿರೀಕ್ಷಕನಾಗಿ ಬಂದೆ. ಮೊದಲೆಲ್ಲ ಹೊಗೆಯ ಬಗ್ಗೆ ಯಾರಾದರೂ ಅರ್ಜಿ ಕೊಟ್ಟರೆ ಅದು ಧಾರವಾಡಕ್ಕೆ ಹೋಗಿ ಅಲ್ಲೇ ಉಳಿಯುತ್ತಿತ್ತಂತೆ. ಈಗ ಜಿಲ್ಲಾ ಕಚೇರಿ ಗದಗಿನಲ್ಲೇ ಇತ್ತು. ಚುರುಮುರಿ ಭಟ್ಟಿಗಳಲ್ಲಿ ಹಳೆಯ ಟೈರು ಸುಡಬಾರದೆಂಬ ಆದೇಶ ಅಲ್ಲಿಂದ ಬಂತು. ನೋಟೀಸು ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಿತ್ತು.

ಭಟ್ಟಿಗಳಿದ್ದ ಓಣಿಯಲ್ಲಿ ಹಾಡಹಗಲೇ ಮಬ್ಬು. ಮೂಗು ಒರೆಸಿಕೊಂಡರೆ ಕರವಸ್ತ್ರ ಕಪ್ಪಾಗುತ್ತಿತ್ತು. ಆದರೂ ಟೈರಿನ ಬೆಂಕಿ ಬಿರುಸು. ಬಾಣಲೆಯ ಉಸುಕು ಹದವಾಗಿ ಕಾಯದಿದ್ದರೆ ಅದರಲ್ಲಿ ಹುರಿಯುವ ಅಕ್ಕಿ ಅರಳುವುದಿಲ್ಲ. ಹೀಗಾಗಿ ಮೊದಲ ಮೂರು ಭಟ್ಟಿಗಳವರು ನೋಟೀಸನ್ನು ಕೈಯಲ್ಲೂ ಹಿಡಿಯಲಿಲ್ಲ.

ನಾಲ್ಕನೆಯದು ಐವತ್ತು ದಾಟಿದ ಒಬ್ಬ ಹೆಣ್ಣುಮಗಳದು. ಗಂಡ ತೀರಿಕೊಂಡ ಮೇಲೆ ತಾನೇ ಭಟ್ಟಿ ನಡೆಸುತ್ತಿದ್ದಳು. ಓಣಿಯವರು ಚಾಚಿ ಎನ್ನುತ್ತಿದ್ದರು. ನನಗೆ ಮಣೆ ಹಾಕಿ, “ನನಗ ಓದಾಕ ಬರಂಗಿಲ್ಲರಿ ಸಾಹೇಬ್ರ, ನೀವ ಓದಿ ಹೇಳ್ರಿ” ಅಂದಳು.

ನಾನು ಪೂರ್ತಿ ಓದಿದೆ. ಅವಳು ಕಾಗದ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಟೈರ್ ಸುಡಬಾರ್ದು ಅಂತ ಐತಿ. ಆತು. ಏನ್ ಸುಡಬೇಕು ಅಂತ ಬರದಿಲ್ಲೇನ್ರಿ?”

ಬರೆದಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಹಾಗೆಂದು ಒಪ್ಪಿಕೊಂಡೆ. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. “ನನ್ನ ಸೊಸೀಗೆ ಉಬ್ಬಸ ಐತ್ರಿ. ಖರೆ ಹೇಳಿದ್ರ ಈ ಹೊಗಿ ನನಗೂ ಬ್ಯಾಡಾಗೇತಿ. ನೋಡೂಣಂತ” ಎಂದು ಹೆಬ್ಬೆಟ್ಟು ಒತ್ತಿಕೊಟ್ಟಳು.

ವಾರದ ಮೇಲೆ ಹೋದಾಗ ಭಟ್ಟಿಯ ಮುಂದೆ ಶೇಂಗಾ ಹೊಟ್ಟಿನ ಚೀಲಗಳಿದ್ದವು. ಲಕ್ಷ್ಮೇಶ್ವರದ ಎಣ್ಣೆ ಗಿರಣಿಯಿಂದ ತರಿಸಿದ್ದಳು. ಆದರೆ ಹೊಟ್ಟು ಭಗ್ಗನೆ ಹತ್ತಿ ಅಷ್ಟೇ ಬೇಗ ಆರುತ್ತಿತ್ತು. ಆ ದಿನದ ಅಕ್ಕಿ ಅರಳದೆ ಕಲ್ಲಿನಂತೆ ಉಳಿದು ಎಮ್ಮೆಗೆ ಹೋಯಿತು. ಎದುರು ಭಟ್ಟಿಯವನು ಬಾಗಿಲಲ್ಲಿ ನಿಂತು, “ಚಾಚಿ, ಎಮ್ಮಿ ಭಾಳ ಖುಷಿ ಆಗೇತಿ ನೋಡ” ಅಂದ. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ. ಅವತ್ತೇ ಟೈರಿಗೆ ಮರಳುತ್ತಾಳೆ ಎಂದುಕೊಂಡಿದ್ದ ನನಗೆ ಒಳಗೊಳಗೇ ನಾಚಿಕೆಯಾಯಿತು.

ಮರುದಿನ ಗೌಂಡಿಯನ್ನು ಕರೆಸಿ ಒಲೆಯ ಬಾಯಿ ಕಿರಿದು ಮಾಡಿಸಿದಳು. ಅದೂ ಸಾಲಲಿಲ್ಲ. ಹೊಟ್ಟನ್ನು ಮುಷ್ಟಿ ಮುಷ್ಟಿಯಾಗಿ ಎಸೆದರೆ ಉರಿ ಆರದೆ ನಿಲ್ಲುತ್ತದೆ ಎಂದು ಅವಳಿಗೆ ಹೊಳೆಯಿತು, ಆದರೆ ಎಸೆಯುತ್ತ ಕೂತವರ ಕೈ ಸುಡುತ್ತಿತ್ತು. ಕೊನೆಗೆ ಎಣ್ಣೆ ಡಬ್ಬಿಯ ತಳ ಕತ್ತರಿಸಿ ಒಲೆಯ ಬಾಯಿಗೆ ಓರೆಯಾಗಿ ಕೂಡಿಸಿದಳು. ಅದರಲ್ಲಿ ಹೊಟ್ಟು ಸುರಿದರೆ ತಾನಾಗಿಯೇ ಸ್ವಲ್ಪ ಸ್ವಲ್ಪ ಜಾರಿ ಬೆಂಕಿಗೆ ಬೀಳುತ್ತಿತ್ತು. ಡಬ್ಬಿಯ ಓರೆ ಸರಿ ಹೊಂದಲಿಕ್ಕೇ ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಚುರುಮುರಿ ಮಲ್ಲಿಗೆಯಂತೆ ಅರಳಿತು. ನನ್ನ ಬೊಗಸೆಗೆ ಬಿಸಿಬಿಸಿಯಾಗಿ ಹಾಕಿ, “ತಿಂದು ನೋಡ್ರಿ, ಟೈರಿನ ವಾಸನಿ ಹೊಕ್ಕೈತಿ ಏನು” ಎಂದು ಕೇಳಿದಳು. ಹೊಕ್ಕಿರಲಿಲ್ಲ. ಮೊದಲು ಅದರಲ್ಲಿ ವಾಸನೆಯಿತ್ತು ಎಂಬುದೇ ನನಗೆ ಆಗ ಗೊತ್ತಾದದ್ದು.

ಎದುರು ಭಟ್ಟಿಯವನು ಎರಡು ದಿನ ದೂರದಿಂದ ನೋಡಿ, ಮೂರನೆಯ ದಿನ ಒಳಗೆ ಬಂದ. ಚಾಚಿ ಅವನಿಗೂ ಡಬ್ಬಿಯ ಓರೆ ತೋರಿಸಿ ಕಳಿಸಿದಳು. ಎಮ್ಮೆಯ ಮಾತು ತೆಗೆಯಲಿಲ್ಲ. ವರ್ಷ ತುಂಬುವುದರೊಳಗೆ ಓಣಿಯ ಬಹುತೇಕ ಭಟ್ಟಿಗಳು ಹೊಟ್ಟಿಗೆ ತಿರುಗಿದವು. ಇಬ್ಬರು ಮಾತ್ರ ಕದ್ದು ಟೈರು ಸುಡುತ್ತ, ದಂಡ ಕಟ್ಟುತ್ತ ಇದ್ದರು.

ಗದಗಿನಲ್ಲಿ ಅಧಿಕಾರಿಗಳು ಹೊಗೆಯ ಬಗ್ಗೆ ಸಭೆ ಕರೆದಾಗ ನಾನೇ ಚಾಚಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಕಾರ್ಖಾನೆಗಳ ಮ್ಯಾನೇಜರರ ನಡುವೆ ಸೆರಗು ಹೊದ್ದು ಕೂತಿದ್ದಳು. ಹೊಗೆ ಕಡಿಮೆಯಾದದ್ದನ್ನು ಹೇಗೆ ಅಳೆದಿರಿ ಎಂದು ಒಬ್ಬ ಎಂಜಿನಿಯರ್ ಕೇಳಿದ.

“ಓಣ್ಯಾಗ ಹೆಣ್ಮಕ್ಕಳು ಬಿಳೇ ಅರಿವಿ ಹೊರಗ ಒಣಹಾಕಾಕ ಹತ್ಯಾರ್ರಿ” ಅಂದಳು.

ಆತ ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ಊಟಕ್ಕೆ ಇರಿ ಎಂದು ಎಲ್ಲರೂ ಹೇಳಿದರೂ ಅವಳು ಒಪ್ಪಲಿಲ್ಲ. ಮನೆಯಲ್ಲಿ ಚುರುಮುರಿಗೆ ಭತ್ತ ನೆನೆಹಾಕಿ ಬಂದಿದ್ದಳು. ಮಧ್ಯಾಹ್ನದ ಬಸ್ಸಿಗೇ ಇಬ್ಬರೂ ಮುಂಡರಗಿಗೆ ಮರಳಿದೆವು.