ಕೆಂಪಿಗೊಂದು ಮಾತು

ಕೇಶ್ವಾಪುರದಲ್ಲಿ ನಮ್ಮ ಪಕ್ಕದ ಮನೆಯವರು ಗೋವಾ ಕಡೆಯ ರೈಲಿನ ಗಾರ್ಡ್ ಆಗಿದ್ದರು; ಮನೆಮಾತು ಬೇರೆ, ಆದರೆ ನಮ್ಮೂರ ಕನ್ನಡ ಚೆನ್ನಾಗಿ ಕಲಿತಿದ್ದರು. ಪೋರ್ಚುಗೀಸರ ನಾಡಿನಿಂದ ಬರುವ ವೈನು ಗೋವಾದಲ್ಲಿ ಬಲು ಅಗ್ಗ. ರಜೆ ಸಿಕ್ಕ ರವಿವಾರ ಒಂದೇ ಸೀಮೆಯ ಎರಡು ಬಾಟಲಿ, ಕೆಂಪೊಂದು ಬಿಳಿಯೊಂದು, ಕಟ್ಟೆಯ ಮೇಲಿಟ್ಟುಕೊಂಡು ಕೂಡುತ್ತಿದ್ದರು. ಪಕ್ಕದಲ್ಲಿ ನಾನು, ಕೈಯಲ್ಲಿ ಚಹಾ. ಗುಟುಕೊಂದನ್ನು ಬಾಯಲ್ಲೇ ಹಿಡಿದು ನುಂಗಿ, ಕಣ್ಣು ಮುಚ್ಚಿ, "ಗಡಿಬಿಡಿ ಬ್ಯಾಡ್ರಿ, ನಾಲಗಿ ಹೇಳ್ತೈತಿ" ಎನ್ನುವುದು ಅವರ ರೂಢಿ. ಬಾಟಲಿ ಕಂಡೊಡನೆ ನಮ್ಮ ಅವ್ವ ಮಾತ್ರ ಕಿಟಕಿ ಹಾಕಿಬಿಡುತ್ತಿದ್ದಳು.

ಬಿಳಿಯದಕ್ಕೆ ಅವರು "ಎಳೇ ನಿಂಬಿಕಾಯಿ" ಎಂದು ಹೆಸರಿಟ್ಟಾಗಿತ್ತು. ಕೆಂಪಿಗೆ ಮಾತೇ ಸಿಗುತ್ತಿರಲಿಲ್ಲ. ಒಂದು ರವಿವಾರ ನನ್ನನ್ನೇ ಕೇಳಿದರು:

"ಹುಳಿ ಅಲ್ಲ, ಕಹಿ ಅಲ್ಲ. ಬಾಯಿ ಒಳಗ ಎಳದಂಗ ಆಗ್ತೈತಿ. ಕನ್ನಡದಾಗ ಏನಂತೀರಿ ಇದಕ್ಕ?"

ನಾನು ಬಾಯಿ ತೆರೆಯುವಷ್ಟರಲ್ಲಿ ಕಿಟಕಿ ಅರ್ಧ ತೆರೆಯಿತು.

"ನೇರಳಹಣ್ಣು ತಿಂದಂಗ ನಾಲಗಿ ದಪ್ಪ ಆಗ್ತದೇನ್ರಿ, ಸಾಹೇಬ್ರ?"

"ಹೌದ್ರಿ ಅವ್ವಾರ, ಖರೇ ಹಂಗ."

"ಅದಕ್ಕ ಒಗರು ಅಂತಾರ" ಎಂದು ಅವ್ವ ಮತ್ತೆ ಕಿಟಕಿ ಹಾಕಿದಳು.

ಗಾರ್ಡ್ ಸಾಹೇಬರು ಇನ್ನೊಂದು ಗುಟುಕು ಕುಡಿದು, "ಒಗರು... ಒಗರು" ಎಂದು ಆ ಮಾತನ್ನೂ ಸಾವಕಾಶ ರುಚಿ ನೋಡಿದರು.

ಅಂದಿನಿಂದ ರವಿವಾರ ನಮ್ಮ ಕಿಟಕಿ ತೆರೆದೇ ಇರುತ್ತಿತ್ತು. ಮುಂದೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಆ ವರ್ಷದ ನೇರಳೆ ಬಂದಾಗ ಅವ್ವ ಒಂದನ್ನು ಬಾಯಿಗೆ ಹಾಕಿಕೊಂಡಳು. ಜೀವಮಾನದಲ್ಲಿ ವೈನಿನ ಒಂದು ಹನಿಯನ್ನೂ ಮುಟ್ಟದವಳು, ಕಣ್ಣು ಮುಚ್ಚಿ, ಸಾವಕಾಶ ಚಪ್ಪರಿಸಿ ಹೇಳಿದಳು:

"ಥೇಟ್ ಗಾರ್ಡ್ ಸಾಹೇಬ್ರ ಕೆಂಪಿನ್ಹಂಗ ಅದ ನೋಡು."