ಕೆರೆಯಲ್ಲಿ ನೆಟ್ಟ ಕೋಲು

ಕೊಹಿನೂರ ಊರಿನ ಕಡೆಯ ಕೆರೆಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೀರೆಗೆ ಕಚ್ಚೆ ಹಾಕಿ ಮೊಣಕಾಲುದ್ದ ನೀರಿಗಿಳಿದ ಸರುಬಾಯಿ ಜೊಂಡಿನ ಹತ್ತಿರ ಬಾಗಿ ನೋಡುತ್ತಾಳೆ. ನೀರಿನ ಮೇಲೆ ಕೆಂಪಗೆ ಏನೋ ಗುಜುಗುಜು ಎನ್ನುತ್ತಿದೆ. ಮರಲ್ ಮೀನಿನ ಮರಿಗಳು! ಕೆಳಗೆ ತಾಯಿ ಮೀನು ಕಾವಲಿದೆ. ಸರುಬಾಯಿಯ ಮುಖ ಮಾತ್ರ ಅರಳುವುದಿಲ್ಲ. ನಾಲ್ಕು ಮಾರು ಆಚೆಗೇ ಅವಳ ಮಗ ರಸ್ತೆಗೆಂದು ಗರಸುಮಣ್ಣು ಅಗೆಯುವ ಗುಂಡಿ.

ಇದು ೧೯೭೮ರ ಬೇಸಿಗೆಯ ಕೊನೆ. ಹುಮನಾಬಾದ್ ಕಡೆಯ ಹೊಸ ರಸ್ತೆಗೆ ಈ ಕೆರೆಯಂಗಳದಿಂದಲೇ ಗರಸು ಹೋಗುತ್ತದೆ. ಮೃಗಶಿರ ಮಳೆ ಹಿಡಿದರೆ ಅಗೆತ ನಿಂತಂತೆಯೇ; ಗಾಡಿಯವರಿಗೆ ಅವಸರ. ಬಲೆ ಬೀಸುವ ಮನೆಗಳಿಗೋ, ಮರಿ ಉಳಿದರೆ ತಾನೇ ಬರುವ ವರ್ಷದ ಗಂಜಿ? ಎರಡು ವರ್ಷದ ಹಿಂದೆ ಸಿಕ್ಕಸಿಕ್ಕಲ್ಲಿ ಅಗೆದು, ನೀರೆಲ್ಲ ರಾಡಿಯಾಗಿ, ಬಲೆಗೆ ಬರೀ ಜೊಂಡು ಬಂದಿತ್ತು. ಬಡಿದಾಟವೂ ಆಯಿತು. ಆಗ ನಡುವೆ ನಿಂತವಳು, ಗಂಡ ತೀರಿದ ಮೇಲೆ ಬಲೆ ಹಿಡಿದ ಈ ಹೆಣ್ಣುಮಗಳು. ದಿನಾ ನಸುಕಿನಲ್ಲಿ ಮರಿಗಳಿರುವ ಜಾಗ ಹುಡುಕಿ, ಬಿಳಿ ಚಿಂದಿ ಕಟ್ಟಿದ ಕೋಲು ನೆಡುತ್ತಾಳೆ. ಅದರ ಆಸುಪಾಸು ಗುದ್ದಲಿ ಬೀಳಕೂಡದು ಎಂದು ಎರಡೂ ಕಡೆಯವರ ಒಪ್ಪಂದ. ಉಳಿದ ಕಡೆ ಅಗೆಯಬಹುದು. ಸಂಬಳವಿಲ್ಲ, ಸರಕಾರದ ಹುಕುಂ ಇಲ್ಲ. ಬೈಗುಳಕ್ಕೆ ಮಾತ್ರ ಬರವಿಲ್ಲ!

“ಗರಸೂ ಬೇಕ್ರಿ, ಮೀನೂ ಬೇಕ್ರಿ. ನಮ್ಮ ಮನೀ ರೊಟ್ಟಿ ಎರಡರ ಮ್ಯಾಲೂ ನಡದೈತಿ,” ಎಂದು ನಮ್ಮ ಕಡೆ ನೋಡಿ ನಗುತ್ತಾಳೆ. ಬಲೆ ಅವಳದು, ಗಾಡಿ ಮಗ ತುಳಜಾರಾಮನದು. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂಥ ಸಂಸಾರ.

ಇವತ್ತು ಅವಳು ಕೋಲು ನೆಡುವುದು ಮಗನ ಗುಂಡಿಗೆ ಅಡ್ಡವಾಗಿಯೇ. ಗಾಡಿ ಹೊಡೆದುಕೊಂಡು ಬಂದ ತುಳಜಾರಾಮ ಅದನ್ನು ಕಂಡು ಕೆಂಡವಾಗುತ್ತಾನೆ. “ಯವ್ವಾ, ಎಲ್ಲಾರ ಗಾಡಿ ತುಂಬಾಕತ್ತಾವ. ನಂದೊಂದ ಖಾಲಿ ಹೋಗಬೇಕೇನು?”

“ಇವತ್ತ ನಿನಗ ಬಿಟ್ರ, ನಾಳಿ ಯಾರಿಗ ಬ್ಯಾಡ ಅನ್ನಲೋ?”

ಉಳಿದವರು ಗುದ್ದಲಿ ನಿಲ್ಲಿಸಿ ನೋಡುತ್ತಾರೆ. ಊರಿಗೊಂದು ನ್ಯಾಯ, ಮಗನಿಗೊಂದು ನ್ಯಾಯ ಎಂದಾದರೆ ನಾಳೆ ಈ ಕೋಲಿಗೆ ಮೂರು ಕಾಸಿನ ಬೆಲೆಯಿಲ್ಲ. ತುಳಜಾರಾಮ ದಡದಡ ನೀರಿಗಿಳಿದು ಕೋಲಿಗೆ ಕೈ ಹಾಕುತ್ತಾನೆ. ಅವನು ಒಮ್ಮೆ ಮರಿಗಳ ಕಡೆ ನೋಡಿ, ಹಲ್ಲು ಕಚ್ಚಿ, ಅಲ್ಲಾಡುತ್ತಿದ್ದ ಕೋಲನ್ನು ಕೆಸರಿನೊಳಕ್ಕೆ ಇನ್ನೊಂದು ಗೇಣು ಒತ್ತುತ್ತಾನೆ.

“ಬಾರೋ ಬೇಟಾ, ನನ್ನ ಗುಂಡ್ಯಾಗ ತುಂಬ್ಕೊ,” ಎಂದು ಹಿರಿಯ ಗಾಡಿಯವ ನಬೀಸಾಬ್ ಕರೆಯುತ್ತಾನೆ.

ಸೆರಗು ಹಿಂಡುತ್ತ ದಂಡೆಗೆ ಬಂದ ಸರುಬಾಯಿಯನ್ನು ಮಗನಿಗೆ ಸಿಟ್ಟು ಬಂತಲ್ಲ ಎಂದು ನಾವು ಕೇಳಿದರೆ, ಕೋಲಿನ ಕಡೆ ಕೈ ತೋರಿಸುತ್ತಾಳೆ: “ಮಗ ಸಿಟ್ಟಿಲೆ ಊರ್ಯಾನ ನೋಡ್ರಿ. ನಾ ನೆಟ್ಟಿದ್ದು ಒಂದೂ ಅಷ್ಟು ಗಟ್ಟಿ ನಿಂತಿಲ್ರಿ.”